ಅಕ್ಕಿಮುಡಿಗೆ ಬಿಟ್ಟ ಬಾಣ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಕಡೆಯ ಹೈಸ್ಕೂಲುಗಳು ಸೇರಿ ವರ್ಷಕ್ಕೊಮ್ಮೆ ಒಂದು ಕ್ರೀಡಾಕೂಟ ನಡೆಸುತ್ತಿದ್ದವು. ಅದರಲ್ಲಿ ಬಿಲ್ಲುಗಾರಿಕೆ ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಬರುವುದು ಸಿಟ್ಟು, ಆಮೇಲೆ ನಗು, ಕೊನೆಗೆ ನಾಚಿಕೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಉಮ್ಮ ಹೇಳುತ್ತಿದ್ದರು. ಮೆಲ್ಕಾರಿನಲ್ಲಿದ್ದ ಉಪ್ಪನ, ಅಂದರೆ ನನ್ನ ಅಪ್ಪನ, ಅಂಗಡಿಗೆ ಬರುವ ಗಿರಾಕಿಗಳಿಗೂ ಇದು ಗೊತ್ತಿತ್ತು. ನಾನು ಗಲ್ಲಾದಲ್ಲಿ ಕೂತ ದಿನ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ ಬೆಳ್ತಂಗಡಿ ತಾಲೂಕಿನ ಅಳದಂಗಡಿ ಕಡೆಯ ಒಂದು ಹೈಸ್ಕೂಲಿಗೆ ದೈಹಿಕ ಶಿಕ್ಷಣದ ಟೀಚರಾಗಿ ಸೇರಿದೆ. ಬ್ಯಾರಿ ಮುಸ್ಲಿಮರ ಮನೆಯ ಹುಡುಗಿ ಕೊರಳಿಗೆ ಸೀಟಿ ಹಾಕಿಕೊಂಡು ಮೈದಾನದಲ್ಲಿ ನಿಲ್ಲುವುದನ್ನು ನೋಡಲು ಮೊದಲ ವಾರ ರಸ್ತೆಬದಿಯಲ್ಲಿ ನಾಲ್ಕಾರು ಜನ ಸುಮ್ಮನೆ ನಿಂತಿರುತ್ತಿದ್ದರು. ಎರಡನೆಯ ವಾರ ಅವರನ್ನು ಒಳಗೆ ಕರೆದು ಓಟದ ಪಥಕ್ಕೆ ಸುಣ್ಣದ ಗೆರೆ ಎಳೆಯಲು ಹೇಳಿದೆ. ಮೂರನೆಯ ವಾರ ಯಾರೂ ಬರಲಿಲ್ಲ.

ತರಬೇತಿ ಕಾಲೇಜಿನಲ್ಲಿ ನಾನು ಬಿಲ್ಲು ಹಿಡಿದದ್ದು ಆಕಸ್ಮಿಕ. ಎಲ್ಲರೂ ಒಂದು ಹೆಚ್ಚಿನ ಆಟ ಕಲಿಯಬೇಕೆಂಬ ನಿಯಮವಿತ್ತು. ಉಳಿದ ಆಟಗಳಿಗೆಲ್ಲ ಹೆಸರು ಕೊಟ್ಟವರು ತುಂಬಿದ್ದರು, ಖಾಲಿ ಇದ್ದದ್ದು ಬಿಲ್ಲು ಮಾತ್ರ. ಮೊದಲ ಬಾಣ ಬಿಟ್ಟಾಗ ಹೆದೆ ಎಡಗೈಗೆ ಬಡಿದು ನೀಲಿ ಗೆರೆ ಎದ್ದಿತು. ಎರಡನೆಯದಕ್ಕೆ ತಲೆಯ ಶಾಲಿನ ತುದಿ ಹೆದೆಗೆ ಸಿಕ್ಕಿಕೊಂಡಿತು. ಶಾಲಿಗೆ ಎರಡು ಪಿನ್ನು ಚುಚ್ಚಿ ಮೂರನೆಯದನ್ನು ಬಿಟ್ಟೆ, ಅದು ಗುರಿಗೆ ಹೋಗಿ ನಾಟಿತು. ನಾಟುವಾಗಿನ ಆ ಸಣ್ಣ ಸದ್ದು ಕೇಳಿದ ಮೇಲೆ ನನಗೆ ಬೇರೆ ಆಟವೇ ಬೇಡವಾಯಿತು. ಅದನ್ನು ನಮ್ಮ ಮಕ್ಕಳಿಗೂ ಕೇಳಿಸಬೇಕೆಂಬ ಹುಚ್ಚು ಹಿಡಿಯಿತು.

ಹುಚ್ಚು ಹಿಡಿದವಳಿಗೆ ಎದುರಾದವರು ಕೂಟದ ಕಾರ್ಯದರ್ಶಿಗಳು. ಅವರು ಹಳೆಯ ಕಬಡ್ಡಿ ಆಟಗಾರರು, ಭುಜ ಅಗಲ, ಧ್ವನಿ ಇನ್ನೂ ಅಗಲ. ಬಿಲ್ಲುಗಾರಿಕೆಯನ್ನು ಕೂಟಕ್ಕೆ ಸೇರಿಸಿ ಎಂದು ಅರ್ಜಿ ಹಿಡಿದು ಹೋದಾಗ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಇದು ಆಟವಾ ಟೀಚರೆ? ಬೆವರು ಬರ್ಲಿಕ್ಕೆ ಉಂಟಾ ಇದರಲ್ಲಿ?"

"ನೀವೊಂದು ಸಲ ಎಳೆದು ನೋಡಿ, ಬರ್ತದೆ," ಎಂದೆ.

ಅವರು ನಿಯಮದ ಪುಸ್ತಕ ತೆರೆದರು. ಹೊಸ ಆಟಕ್ಕೆ ಎರಡು ವರ್ಷ ಬರೇ ಪ್ರದರ್ಶನ. ಮೂರನೆಯ ವರ್ಷ ಪರೀಕ್ಷೆಯ ಸ್ಪರ್ಧೆ. ಅದಕ್ಕೆ ಮೂರೂ ಕಡೆಯಿಂದ ತಂಡ ಬರಬೇಕು, ಊಟದ ಗಂಟೆಯೊಳಗೆ ಮುಗಿಯಬೇಕು, ದೂರಿನ ಪುಸ್ತಕದಲ್ಲಿ ಒಂದು ಸಾಲೂ ಬೀಳಬಾರದು. ಎಲ್ಲ ಸರಿಯಾದರೆ ಮರುವರ್ಷದಿಂದ ಪದಕ ಮತ್ತು ಅಂಕ. ಒಂದು ತಪ್ಪಿದರೂ ಆ ಆಟ ಮತ್ತೆ ಕೂಟದ ಮೆಟ್ಟಿಲು ಹತ್ತುವಂತಿಲ್ಲ. ಇದನ್ನು ಓದಿ ಹೇಳುವಾಗ ಅವರ ಮುಖದಲ್ಲಿ ಇದ್ದ ನೆಮ್ಮದಿಯನ್ನು ನೋಡಿಯೇ ನನಗೆ ಹಟ ಬಂತು.

ಮೊದಲ ಪ್ರದರ್ಶನ ಮೂಡುಬಿದಿರೆಯಲ್ಲಿ. ಎರಡು ಬಿದಿರಿನ ಬಿಲ್ಲು, ಹನ್ನೆರಡು ಬಾಣ, ಗುರಿಗೆ ತೆಂಗಿನ ನಾರು ತುಂಬಿದ ಗೋಣಿಚೀಲ. ನಿಂಬೆ–ಚಮಚದ ಓಟ ಮುಗಿದ ಮೇಲೆ ಮೈಕಿನಲ್ಲಿ "ಊಟ ತಯಾರಾಗುವವರೆಗೆ ಬಿಲ್ಲು ಬಾಣ" ಎಂದರು. ಹೀಗೇ ಅಂದರು, ದೇವರಾಣೆ. ಗೋಣಿಚೀಲ ನಾಲ್ಕನೆಯ ಬಾಣಕ್ಕೇ ಅಡ್ಡಬಿತ್ತು. ಮುಂದಿನ ಬಾಣಗಳು ಹಿಂದಿದ್ದ ಮುರಕಲ್ಲಿನ ಗೋಡೆಗೆ ಬಡಿದು ಮುರಿದವು. ಜನ ನಕ್ಕರು. ನಾನೂ ನಗಬಹುದಿತ್ತು, ಆದರೆ ಆಗ ನನಗೆ ನಗು ಕಲಿತು ಆಗಿರಲಿಲ್ಲ.

ಎರಡನೆಯ ವರ್ಷ ಬಂಟ್ವಾಳದಲ್ಲಿ. ಈ ಸಲ ಉಪ್ಪನ ಅಂಗಡಿಯ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ, ಒಂದರ ಮೇಲೊಂದು ಒತ್ತಿ, ಹಗ್ಗ ಬಿಗಿದು ಗುರಿ ಮಾಡಿದೆ. ಉಪ್ಪ ಪೆಟ್ಟಿಗೆ ಕೊಡುವಾಗ, "ಸಾಬೂನು ಮಾರಿದ ಪೆಟ್ಟಿಗೆಗೆ ಬಾಣ ಬಿಡುವ ಕಾಲ ಬಂತಲ್ಲ ಮಗಳೇ," ಎಂದು ಬೀಡಿ ಹಚ್ಚಿದರು. ಬಾಣಗಳು ಚೆನ್ನಾಗಿಯೇ ನಾಟಿದವು, ಸಮಸ್ಯೆಯೆಂದರೆ ಹೊರಗೆ ಬರಲಿಲ್ಲ. ಒಂದೊಂದನ್ನು ಕೀಳಲು ಇಬ್ಬರು ಪೆಟ್ಟಿಗೆ ಹಿಡಿದು ಒಬ್ಬ ಎಳೆಯಬೇಕು. ಅಷ್ಟರಲ್ಲಿ ಅನ್ನ ತಣಿಯಿತು, ಸಾರು ಆರಿತು, ಜನ ಎದ್ದುಹೋದರು. ಕಾರ್ಯದರ್ಶಿಗಳು ನನ್ನ ಪಕ್ಕದಲ್ಲಿ ನಿಂತು, "ಬರುವ ವರ್ಷ ಪರೀಕ್ಷೆ ಅಲ್ವಾ?" ಎಂದು ಮೆಲ್ಲಗೆ ಕೇಳಿದರು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಮೂರನೆಯ ವರ್ಷದ ಕೂಟ ನಮ್ಮದೇ ಬೆಳ್ತಂಗಡಿಯಲ್ಲಿ. ಬಿಲ್ಲಿನ ಚಿಂತೆ ಇರಲಿಲ್ಲ, ನಾನು ಕಲಿತ ಕಾಲೇಜಿನವರು ಒಳ್ಳೆಯ ಬಿಲ್ಲುಗಳನ್ನು ಕಡ ಕೊಡಲು ಒಪ್ಪಿದ್ದರು. ಹುಡುಗಿಯೊಬ್ಬಳೂ ಸಿಕ್ಕಿದ್ದಳು. ಹತ್ತನೆಯ ತರಗತಿ, ಮಾತು ಕಡಿಮೆ. ಬೆಳಿಗ್ಗೆ ಶಾಲೆಗೆ ಬರುವ ಮೊದಲು ಮನೆಯವರ ಜೊತೆ ರಬ್ಬರು ಮರಗಳನ್ನು ಗೀರಿ ಬರುತ್ತಿದ್ದಳು. ಮರಕ್ಕೆ ಗಾಯವಾಗದಂತೆ ತೊಗಟೆಯನ್ನು ಎಳೆಯಷ್ಟೇ ತೆಳ್ಳಗೆ ಗೀರುವ ಆ ಕೈಗೆ ನಡುಕವೆಂಬುದೇ ಗೊತ್ತಿರಲಿಲ್ಲ. ಅವಳು ಹೆದೆ ಎಳೆದು ಗಲ್ಲಕ್ಕೆ ತಾಗಿಸಿ ನಿಂತರೆ ಪಕ್ಕದಲ್ಲಿ ನನ್ನ ಉಸಿರೇ ನಿಲ್ಲುತ್ತಿತ್ತು. ಮೂವತ್ತು ಮೀಟರಿನಿಂದ ಹತ್ತರಲ್ಲಿ ಆರು ಬಾಣ ಹಳದಿಗೆ. ಗುರಿಯ ಕಾಗದದ ನಡುವಿನ ಬಣ್ಣ ಹಳದಿ, ಅದರ ಒಳಗಿನ ಪುಟ್ಟ ವೃತ್ತಕ್ಕೆ ಹತ್ತು ಅಂಕ, ಅದರ ಹೊರಗಿನದಕ್ಕೆ ಒಂಬತ್ತು, ಹೀಗೆ ಹೊರಗೆ ಹೋದಂತೆ ಇಳಿಯುತ್ತದೆ.

ಇಲ್ಲದ್ದು ಗುರಿ ಮಾತ್ರ. ಒಂದು ಸಂಜೆ ಆ ಹುಡುಗಿಯ ಮನೆಗೆ ಹೋಗಿದ್ದೆ, ಅಂಗಳದಲ್ಲಿ ಅವಳ ಅಜ್ಜ ಅಕ್ಕಿಮುಡಿ ಕಟ್ಟುತ್ತಿದ್ದರು. ಕಾಣದವರಿಗೆ ಹೇಳಬೇಕೆಂದರೆ, ಬೈಹುಲ್ಲನ್ನು ಸೂರ್ಯನ ಕಿರಣದ ಹಾಗೆ ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲನ್ನು ಮೇಲೆತ್ತಿ ಮುಚ್ಚಿ, ಹುಲ್ಲಿನದೇ ಹಗ್ಗದಿಂದ ಸುತ್ತ ಬಿಗಿಯುತ್ತಾರೆ. ಬಿಗಿಯುತ್ತಾ ಮರದ ಕೊಡತಿಯಿಂದ ಬಡಿಯುತ್ತಾರೆ. ಕೊನೆಗೆ ಅದು ಕುಂಬಳಕಾಯಿಯಷ್ಟು ಗುಂಡಗೆ, ಕಲ್ಲಿನಷ್ಟು ಗಟ್ಟಿಯಾಗಿ ಕೂರುತ್ತದೆ, ಒಳಗಿನ ಅಕ್ಕಿಗೆ ಹುಳ ಬೀಳುವುದಿಲ್ಲ. ಪ್ಲಾಸ್ಟಿಕ್ ಚೀಲ ಬಂದ ಮೇಲೆ ಮುಡಿ ಕಟ್ಟಿಸುವವರೇ ಇರಲಿಲ್ಲ, ಅಜ್ಜ ಕೈ ಮರೆಯಬಾರದೆಂದು ಮನೆಯ ಮಟ್ಟಿಗೆ ಕಟ್ಟುತ್ತಿದ್ದರು. ನಾನು ಹುಲ್ಲಿಗೆ ಬೆರಳು ಒತ್ತಿ ನೋಡಿದೆ. ನಿಂತಲ್ಲೇ ಕುಣಿಯಬೇಕೆನಿಸಿತು. ಎರಡು ವರ್ಷ ಗೋಣಿ, ರಟ್ಟು ಎಂದು ಅಲೆದಿದ್ದೆ, ಬೇಕಾದ್ದು ಬೆಣ್ಣೆಯ ಹಾಗೆ ಕೈಯಲ್ಲೇ ಇತ್ತು.

"ಅಜ್ಜ, ಇದನ್ನೇ ದೊಡ್ಡದಾಗಿ, ಒಂದು ಬದಿ ಚಪ್ಪಟೆ ಮಾಡಿ ಕಟ್ಟಿ ಕೊಡ್ಲಿಕ್ಕೆ ಆಗ್ತದಾ? ಮೂರು ಬೇಕು."

"ಯಾಕೆ ಆಗುವುದಿಲ್ಲ? ಒಳಗೆ ಎಷ್ಟು ಸೇರು ಹಾಕುವುದು?"

"ಅಕ್ಕಿ ಬೇಡ. ಬರೀ ಹುಲ್ಲು ಸಾಕು."

ಅಜ್ಜ ಕೊಡತಿ ಕೆಳಗಿಟ್ಟು ನನ್ನನ್ನು ನೋಡಿದರು. "ಬರಿ ಮುಡಿಯಾ?" ಎಂದರು. "ಹೌದು, ಬರೀ ಹುಲ್ಲು," ಎಂದೆ. ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ತಲೆಯಾಡಿಸಿದರು. ಅಭ್ಯಾಸಕ್ಕೆಂದು ಹುಲ್ಲಿನ ಒಂದು ಮೋಟು ತುಂಡನ್ನು ಅಲ್ಲೇ ಸುತ್ತಿ ಕೊಟ್ಟರು. ಬಾಣ ಸರಕ್ಕನೆ ನಾಟುತ್ತಿತ್ತು, ಸ್ವಲ್ಪ ತಿರುಚಿದರೆ ಹೊರಗೆ ಬರುತ್ತಿತ್ತು. ಎರಡು ತಿಂಗಳು ಅದಕ್ಕೇ ಬಿಟ್ಟೆವು. ನಿಜವಾದ ಮೂರು ಮುಡಿಗಳು ಕೂಟದ ಹಿಂದಿನ ದಿನ ಜೀಪಿನಲ್ಲಿ ಬೆಳ್ತಂಗಡಿಗೆ ಬಂದವು, ಜೊತೆಗೆ ಬಿಳಿ ಪಂಚೆ ಉಟ್ಟ ಅಜ್ಜನೂ ಬಂದರು. ಅಷ್ಟು ಚೆಂದದ ಮುಡಿಗಳನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಒಂದೊಂದೂ ಎತ್ತಿನ ಗಾಡಿಯ ಚಕ್ರದಷ್ಟು ಅಗಲ, ಹಗ್ಗದ ಒಂದು ಸುತ್ತೂ ಅಂಕುಡೊಂಕಿಲ್ಲ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಸೀಟಿ ಊದಿದೆ. ಬಂಟ್ವಾಳದ ಮೂವರು, ಮೂಡುಬಿದಿರೆಯ ಮೂವರು, ನಮ್ಮ ಮೂವರು. ಒಂದೊಂದು ಗುರಿಗೆ ಒಂದೊಂದು ಕಡೆಯ ಒಬ್ಬೊಬ್ಬರು. ಆರು ಸರದಿ, ಸರದಿಗೆ ಮೂರು ಬಾಣ. ತೀರ್ಪುಗಾರರು ಇಬ್ಬರೇ, ಮೂಡುಬಿದಿರೆಯ ದೈಹಿಕ ಶಿಕ್ಷಣದ ಮಾಷ್ಟ್ರು ಮತ್ತು ನಾನು. ನಿಯಮ ಓದಿದವರು ಮೂರೂರಲ್ಲಿ ನಾವಿಬ್ಬರೇ ಇದ್ದದ್ದು, ಏನು ಮಾಡುವುದು? ಅಂಕ ಬರೆಯುವುದು ಅವರ ಕೆಲಸ. ಪ್ರತಿ ಸರದಿಯ ನಂತರ ಬಾಣ ಕಿತ್ತು, ತೂತುಗಳ ಅಂಚಿಗೆ ಪೆನ್ನಿನಿಂದ ಗುರುತು ಹಾಕುವುದು ನನ್ನ ಕೆಲಸ. ಈ ಗುರುತು ಯಾಕೆಂದರೆ, ಕೆಲವೊಮ್ಮೆ ಬಾಣ ಗುರಿಗೆ ತಾಗಿ ಕೆಳಗೆ ಬೀಳುತ್ತದೆ. ಹಳೆಯ ತೂತುಗಳಿಗೆಲ್ಲ ಗುರುತು ಇದ್ದರೆ, ಗುರುತಿಲ್ಲದ್ದೇ ಹೊಸದು ಎಂದು ತಿಳಿದು ಅಂಕ ಕೊಡಬಹುದು. ಗುರುತು ಇಲ್ಲದಿದ್ದರೆ ಬಿದ್ದ ಬಾಣಕ್ಕೆ ಸೊನ್ನೆ.

ಮೊದಲ ಸರದಿಯಿಂದಲೇ ಜನ ಬಂದರು. ಕಬಡ್ಡಿ ಅಂಕಣದ ಸುತ್ತ ಇದ್ದವರು ಒಬ್ಬೊಬ್ಬರಾಗಿ ಕತ್ತು ತಿರುಗಿಸಿ, ಆಮೇಲೆ ಕಾಲು ತಿರುಗಿಸಿ, ನಮ್ಮ ಹಗ್ಗದ ಹಿಂದೆ ನಿಂತರು. ಬಾಣ ಮುಡಿಗೆ ಬಿದ್ದಾಗ ಆ ಸದ್ದು! ಇಡೀ ಮೈದಾನಕ್ಕೆ ಕೇಳಿಸುತ್ತಿತ್ತು. ಮೂಡುಬಿದಿರೆಯ ಒಬ್ಬಳು ಉದ್ದಜಡೆಯ ಹುಡುಗಿ ಮತ್ತು ನಮ್ಮ ಹುಡುಗಿ ನಡುವಿನ ಗುರಿಯಲ್ಲಿ ಒಬ್ಬರನ್ನೊಬ್ಬರು ಬಿಡದೆ ಹಿಡಿದಿದ್ದರು. ಅವಳು ಒಂಬತ್ತು ಹೊಡೆದರೆ ಇವಳೂ ಒಂಬತ್ತು. ಇವಳು ಹತ್ತು ಹೊಡೆದರೆ ಅವಳು ಜಡೆಯನ್ನು ಹಿಂದಕ್ಕೆ ಎಸೆದು ಇನ್ನೊಂದು ಹತ್ತು. "ಬಿಡು ಮಾರಾಯ್ತಿ, ಬಿಡು," ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಜಪ ಮಾಡುತ್ತಿದ್ದರು. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಾನು ತೀರ್ಪುಗಾರಳೋ ತರಬೇತುದಾರಳೋ ಗೊತ್ತಾಗದೆ ಗುರಿಯಿಂದ ಗೆರೆಗೆ, ಗೆರೆಯಿಂದ ಗುರಿಗೆ ಓಡುತ್ತಿದ್ದೆ.

ಮೂರನೆಯ ಸರದಿ ಮುಗಿಯುತ್ತಿದ್ದಂತೆ ಕೋಳಿಗಳು ಬಂದವು.

ಮೈದಾನದ ಅಂಚಿನ ಯಾರದೋ ಮನೆಯ ಹೇಂಟೆ, ಹಿಂದೆ ಏಳೆಂಟು ಮರಿಗಳು. ಸೀದಾ ನಡುವಿನ ಗುರಿಯ ಬುಡಕ್ಕೆ ಹೋಗಿ ಕೆದಕತೊಡಗಿದವು. ಸೀಟಿ ಊದಿ ಆಟ ನಿಲ್ಲಿಸಿದೆ, ಓಡಿಸಿದೆ. ಎರಡು ನಿಮಿಷಕ್ಕೆ ಹೇಂಟೆ ತನ್ನ ಗಂಡನನ್ನೂ ಕರೆದುಕೊಂಡು ಬಂತು. ಪುನಃ ಓಡಿಸಿದೆ. ಜನರಿಗೆ ಬಿಟ್ಟಿ ತಮಾಷೆ. ಕಾರ್ಯದರ್ಶಿಗಳು ಗಡಿಯಾರ ನೋಡುತ್ತಾ ಬಂದು, "ಊಟಕ್ಕೆ ಕೋಳಿ ಪದಾರ್ಥ ಅಂತ ನಾವು ಹೇಳಿರಲಿಲ್ಲ ಟೀಚರೆ," ಎಂದರು. ಹೀಗೆ ನಾಲ್ಕನೆಯ, ಐದನೆಯ ಸರದಿ ಕೋಳಿ ಓಡಿಸುವುದರಲ್ಲಿ, ಗಡಿಯಾರ ನೋಡುವುದರಲ್ಲಿ, ಬಾಣ ಕಿತ್ತು ಓಡುವುದರಲ್ಲಿ ಕಳೆದವು. ಆರನೆಯದಕ್ಕೆ ಮೊದಲು ಬುಡದಲ್ಲಿ ಬಗ್ಗಿ ನೋಡಿದೆ. ನೆಲದ ಮೇಲೆ ಕೆಂಪಗೆ ಕುಚ್ಚಲಕ್ಕಿ. ಗುರಿಯ ನಡುವಿನ ತೂತುಗಳಿಂದ ಒಂದೊಂದೇ ಕಾಳು ಸೋರಿ ಬೀಳುತ್ತಿತ್ತು.

ನನ್ನ ರಕ್ತ ತಲೆಗೇರಿತು. ಹಗ್ಗದ ಆಚೆ ನಿಂತಿದ್ದ ಅಜ್ಜನ ಕಡೆಗೆ ತಿರುಗಿ, ಮೂರೂರಿನ ಜನರ ಎದುರು, ಮೈಕು ಬೇಡದ ನನ್ನ ಧ್ವನಿಯಲ್ಲಿ ಕೇಳಿದೆ.

"ಅಜ್ಜ, ಬರೀ ಹುಲ್ಲು ಅಂತ ನಾನು ಹೇಳಿದ್ದಲ್ವಾ? ಅಕ್ಕಿ ಯಾರು ಹಾಕ್ಲಿಕ್ಕೆ ಹೇಳಿದ್ದು ನಿಮಗೆ? ಇಷ್ಟು ಜನರ ಶ್ರಮವನ್ನು ನೀರಲ್ಲಿ ಹಾಕಿಬಿಟ್ಟಿರಲ್ಲ!"

ಅಜ್ಜ ಪಂಚೆಯ ತುದಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

"ಬರಿ ಮುಡಿ ಮನೆಯಿಂದ ಹೊರಗೆ ಕಳಿಸುವ ಕ್ರಮ ಇಲ್ಲ ಟೀಚರೆ," ಎಂದರು. "ನಮ್ಮ ಅಪ್ಪನ ಕಾಲದಿಂದ ಇಲ್ಲ. ಒಂದೊಂದಕ್ಕೆ ಒಂದೇ ಸೇರು ಹಾಕಿದ್ದು, ಸರೀ ನಡುವಿಗೆ. ಮಕ್ಕಳಿಗೆ ಒಳ್ಳೆಯದಾಗಲಿ ಅಂತ."

ಅಭ್ಯಾಸದ ಮೋಟು ತುಂಡು ಅವರ ಲೆಕ್ಕದಲ್ಲಿ ಮುಡಿಯೇ ಅಲ್ಲ. ಇದು ಮುಡಿ, ಅದಕ್ಕೇ ಅಕ್ಕಿ. ನನಗೆ ವಾದಿಸಲು ಸಮಯವಿರಲಿಲ್ಲ. ಊಟದ ಗಂಟೆಗೆ ಹದಿನೈದು ನಿಮಿಷ ಉಳಿದಿತ್ತು.

ಕೊನೆಯ ಸರದಿ. ಉದ್ದಜಡೆಯ ಹುಡುಗಿ ತನ್ನ ಮೂರು ಬಾಣ ಮುಗಿಸಿದಳು. ನಮ್ಮವಳಿಗೆ ಗೆಲ್ಲಲು ಕೊನೆಯ ಬಾಣದಲ್ಲಿ ಒಂಬತ್ತು ಬೇಕು. ಆ ವರ್ಷ ಪದಕವಿಲ್ಲ, ಗೆದ್ದವರ ಹೆಸರನ್ನು ಮೈಕಿನಲ್ಲಿ ಊರಿನ ಹೆಸರು ಸೇರಿಸಿ ಹೇಳುತ್ತಾರೆ, ಅಷ್ಟೇ. ಅವಳು ಹೆದೆಯನ್ನು ಗಲ್ಲಕ್ಕೆ ತಂದು ನಿಂತಳು. ಎಷ್ಟು ಹೊತ್ತು ನಿಂತಳೋ! ಬಾಣ ಹೋಯಿತು. ಹಳದಿಯ ನಡುವಿಗೇ ಹೋಯಿತು, ನಾನು ಕಣ್ಣಾರೆ ಕಂಡೆ. ಆದರೆ ಅಕ್ಕಿ ಸೋರಿಹೋಗಿ ಮುಡಿಯ ಹೊಟ್ಟೆ ಸಡಿಲವಾಗಿತ್ತು. ಬಾಣಕ್ಕೆ ಹಿಡಿತ ಸಿಗಲಿಲ್ಲ. ಒಂದು ಕ್ಷಣ ತೂಗಿತು, ಬಾಲ ಬಗ್ಗಿಸಿತು, ಕೆಳಗೆ ಅಕ್ಕಿಯ ಮೇಲೆ ಬಿತ್ತು.

ಮೂಡುಬಿದಿರೆಯ ಮಾಷ್ಟ್ರು ಮತ್ತು ನಾನು ಗುರಿಯ ಹತ್ತಿರ ಓಡಿದೆವು. ಅವರು ಕಾಗದಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ನಂತರ ನನ್ನನ್ನು ನೋಡಿದರು.

"ಗುರುತು ಎಲ್ಲಿ ಟೀಚರೆ?"

ಮೂರನೆಯ ಸರದಿಯವರೆಗಿನ ತೂತುಗಳಿಗೆಲ್ಲ ನೀಲಿ ಗೆರೆ ಇತ್ತು. ನಾಲ್ಕು ಮತ್ತು ಐದಕ್ಕೆ ಇರಲಿಲ್ಲ. ಪೆನ್ನು ನನ್ನ ಕಿಸೆಯಲ್ಲಿ ಭದ್ರವಾಗಿತ್ತು. ಕೋಳಿ, ಗಡಿಯಾರ, ಜನ, ನನ್ನ ಸಂಭ್ರಮ, ಯಾವುದೋ ಒಂದರಲ್ಲಿ ಮರೆತಿದ್ದೆ. ತೂತುಗಳನ್ನು ಎಣಿಸಿ ತೋರಿಸುವ ಎಂದರೆ ಕಾಗದದ ನಡುಭಾಗ ಹರಿದು ಜಾಳುಜಾಳಾಗಿತ್ತು.

"ನಿಯಮದಂತೆ ಸೊನ್ನೆ," ಎಂದರು ಅವರು. ಅವರು ಕೆಟ್ಟವರಲ್ಲ, ಧ್ವನಿಯೂ ಏರಿರಲಿಲ್ಲ. "ಹತ್ತು ಕೊಟ್ಟರೆ ನಮ್ಮ ಮಕ್ಕಳು ದೂರು ಬರೀತಾರೆ. ಸೊನ್ನೆ ಕೊಟ್ಟರೆ ನಿಮ್ಮವರು ಬರೀಬಹುದು. ಒಂದು ಕೆಲಸ ಮಾಡುವ. ಆ ಬಾಣವನ್ನು ಪುನಃ ಬಿಡಲಿ. ಬೇರೆ ಗುರಿಗೆ. ಎಷ್ಟು ಬರ್ತದೋ ಅಷ್ಟು. ನಾನು ನಮ್ಮವರಿಗೆ ಹೇಳ್ತೇನೆ."

ಕಾರ್ಯದರ್ಶಿಗಳು ಅಷ್ಟರಲ್ಲಿ ದೂರಿನ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ನಾನು ಹುಡುಗಿಯ ಹತ್ತಿರ ಹೋಗಿ ವಿಷಯ ಹೇಳಿದೆ. ಅವಳು ಬಿಲ್ಲನ್ನು ಎದೆಗೆ ಒರಗಿಸಿ ನಿಂತಿದ್ದಳು.

"ಪುನಃ ಬಿಡುವುದಿಲ್ಲ. ಅದು ಹತ್ತು."

"ನನಗೂ ಗೊತ್ತುಂಟು. ಆದರೆ..."

"ನೀವು ಎರಡು ಸರದಿ ಗುರುತು ಹಾಕ್ಲಿಲ್ಲ. ನಾನು ನೋಡಿದ್ದೇನೆ."

"ನೋಡಿದ್ದರೆ ಆಗಲೇ ಯಾಕೆ ಹೇಳಲಿಲ್ಲ?"

"ಗೆರೆಯಲ್ಲಿ ನಿಂತ ಮೇಲೆ ಮಾತಾಡಬಾರದು ಅಂತ ನೀವೇ ಹೇಳಿದ್ದಲ್ವಾ."

ಅವಳ ಬಾಯಿಂದ ಒಂದೇ ದಿನ ಅಷ್ಟು ಮಾತು ನಾನು ಕೇಳಿರಲಿಲ್ಲ. ಊಟದ ಗಂಟೆಗೆ ಇನ್ನು ಐದೇ ನಿಮಿಷ. ನಾನು ಅವಳ ಎರಡೂ ಭುಜ ಹಿಡಿದು ಬೇಡಿಕೊಂಡೆ. ಹೌದು, ಬೇಡಿಕೊಂಡೆ. ಈಗ ದೂರು ಬಿದ್ದರೆ ಇನ್ನು ಯಾವ ಮಕ್ಕಳಿಗೂ ಈ ಆಟ ಇಲ್ಲ, ಮೂರು ವರ್ಷದ್ದೆಲ್ಲ ಹೋಗುತ್ತದೆ, ನನಗೋಸ್ಕರ ಒಂದು ಬಾಣ ಬಿಡು ಎಂದೆ. ಅವಳು ನನ್ನ ಮುಖ ನೋಡಿದಳು. ಏನನ್ನೋ ಕಾಯುತ್ತಿದ್ದ ಹಾಗಿತ್ತು. ನಾನು ಮತ್ತೆ ಗಡಿಯಾರ ನೋಡಿದೆ. ಅವಳು ಗೆರೆಗೆ ಹೋಗಿ ಬಾಣ ಬಿಟ್ಟಳು.

ಏಳು.

ದೂರಿನ ಪುಸ್ತಕ ಕಂಕುಳಲ್ಲೇ ಉಳಿಯಿತು. ಗಂಟೆ ಹೊಡೆಯಿತು. ಮೈಕಿನಲ್ಲಿ ಮೊದಲು ಉದ್ದಜಡೆಯ ಹುಡುಗಿಯ ಹೆಸರು ಬಂತು, ಮೂಡುಬಿದಿರೆಯ ಹೆಸರು ಬಂತು. ಆಮೇಲೆ ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು, ಬರುವ ವರ್ಷದಿಂದ ಬಿಲ್ಲುಗಾರಿಕೆಗೆ ಪದಕ ಉಂಟು ಎಂದರು. ಬಿಲ್ಲು ಬಾಣ ಅನ್ನಲಿಲ್ಲ, ಬಿಲ್ಲುಗಾರಿಕೆ ಅಂದರು! ನಾನು ಶಾಲು ಜಾರುವುದನ್ನೂ ಲೆಕ್ಕಿಸದೆ ಹಾರಿದೆ. ಸೀಟಿಯನ್ನು ಉಸಿರು ಮುಗಿಯುವವರೆಗೆ ಊದಿದೆ. ಓಡಿಹೋಗಿ ಹುಡುಗಿಯನ್ನು ತಬ್ಬಿಕೊಂಡೆ. ಅವಳು ಕಂಬದ ಹಾಗೆ ನಿಂತಿದ್ದಳು.

"ಬರುವ ವರ್ಷ ಪದಕ ನಿನಗೇ!" ಎಂದೆ.

"ಬರುವ ವರ್ಷ ನಾನು ಹೈಸ್ಕೂಲಿನಲ್ಲಿ ಇರುವುದಿಲ್ಲ ಟೀಚರೆ," ಎಂದಳು.

ಹತ್ತನೆಯ ತರಗತಿಯ ಹುಡುಗಿ. ಅಷ್ಟು ಸಣ್ಣ ವಿಷಯ ನನಗೆ ಹೊಳೆದೇ ಇರಲಿಲ್ಲ. ಅವಳು ಹೆದೆ ಬಿಚ್ಚಿ, ಬಿಲ್ಲನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟು, ಅಜ್ಜನ ಜೊತೆ ಊಟದ ಸಾಲಿಗೆ ಹೋದಳು. ಅಜ್ಜನ ಹತ್ತಿರ ಸಂಜೆ ನಾನು ಮೆಲ್ಲಗೆ ಕ್ಷಮೆ ಕೇಳಿದೆ. ಅವರು ನಕ್ಕು, "ಕೋಳಿಗಾದರೂ ಹೊಟ್ಟೆ ತುಂಬಿತು ಬಿಡಿ," ಎಂದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಮೇಲಿನದ್ದೆಲ್ಲ ಸಂಭ್ರಮದ ಕಥೆ. ಮರುವರ್ಷ ಪದಕ ಬಂತು. ಎರಡು ಸಾವಿರದ ಇಸವಿ ದಾಟುವಷ್ಟರಲ್ಲಿ ಬಂಟ್ವಾಳದವರು ತಮ್ಮದೇ ಬಿಲ್ಲು ತಂದರು, ಮೂಡುಬಿದಿರೆಯವರು ಬೆಳಿಗ್ಗೆ ಐದಕ್ಕೇ ಅಭ್ಯಾಸ ಸುರುಮಾಡಿದರು. ಅಜ್ಜ ಪ್ರತಿ ವರ್ಷ ಮುಡಿ ಕಟ್ಟಿದರು. ನಡುವಿಗೆ ಬೇಡ, ಬೇಕಾದರೆ ಅಂಚಿಗೆ ಒಂದು ಹಿಡಿ ಹಾಕಿ ಎಂದು ನಾನೇ ಹೇಳಿ ರಾಜಿ ಮಾಡಿಕೊಂಡಿದ್ದೆ. ಅವರ ಕೈ ಸೋತ ಮೇಲೆ ಬೇರೆಯವರು ಅವರಿಂದಲೇ ಕಲಿತು ಕಟ್ಟಿದರು. ಕಾರ್ಯದರ್ಶಿಗಳ ಮಗಳೇ ಒಂದು ವರ್ಷ ಬೆಳ್ಳಿ ಪದಕ ಗೆದ್ದಳು, ಅವರು ಬೆವರೊರೆಸಿಕೊಳ್ಳುತ್ತಾ, "ಆಟವೇ ಟೀಚರೆ, ಇದು ಆಟವೇ," ಎಂದರು. ನನ್ನ ಬೆನ್ನು ತಟ್ಟದವರಿಲ್ಲ. ನಾನೂ ಬೆನ್ನು ಕೊಟ್ಟು ನಿಂತೆ.

ಆ ಹುಡುಗಿ ಸಿಕ್ಕಿದ್ದು ಸುಮಾರು ಹತ್ತು ವರ್ಷಗಳ ನಂತರ, ಧರ್ಮಸ್ಥಳದ ಬಸ್ ನಿಲ್ದಾಣದಲ್ಲಿ. ಅಲ್ಲೇ ಒಂದು ವಸತಿಗೃಹದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಳು, ಕಂಕುಳಲ್ಲಿ ಒಂದು ಮಗು. ಬಸ್ಸು ತಡವಾಗಿತ್ತು, ನಾವಿಬ್ಬರೂ ಚಹಾ ಕುಡಿದೆವು. ನನ್ನ ಮನಸ್ಸಿನಲ್ಲಿ ಅಷ್ಟು ವರ್ಷ ಚುಚ್ಚುತ್ತಿದ್ದದ್ದನ್ನು ಹೇಳಿಬಿಟ್ಟೆ.

"ಆ ದಿನ ಅದು ಹತ್ತೇ. ಗುರುತು ಹಾಕದ್ದು ನನ್ನ ತಪ್ಪು."

ಹೇಳಿದ ಮೇಲೆ ಎದೆ ಹಗುರವಾಯಿತು. ಅವಳು ನಗುತ್ತಾಳೆ, ಬಿಡಿ ಟೀಚರೆ ಅನ್ನುತ್ತಾಳೆ ಎಂದುಕೊಂಡೆ. ಅವಳು ಮಗುವಿನ ಟೋಪಿ ಸರಿಮಾಡಿದಳು.

"ಅಜ್ಜನ ತಪ್ಪನ್ನು ಎಲ್ಲರ ಎದುರು ಹೇಳಿದಿರಿ," ಎಂದಳು. "ನಿಮ್ಮದನ್ನು ನನಗೊಬ್ಬಳಿಗೆ ಹೇಳ್ತಾ ಇದ್ದೀರಿ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಸಿಟ್ಟಿಗೆ ಸಿಟ್ಟು ಕೊಡುವುದು ನನಗೆ ಗೊತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಮಕ್ಕಳಿಗೆ ಸಾವಿರ ಸಲ ಹೇಳಿದ ಬಾಯಿ ಇದು. ಬಸ್ಸು ಬಂತು. ಅವಳಿಗೆ ಏನು ಹೇಳಿ ಹತ್ತಿದೆನೋ ನೆನಪಿಲ್ಲ. ಉಜಿರೆ ದಾಟುವವರೆಗೆ ಕಿಟಕಿಯ ಸರಳು ಹಿಡಿದೇ ಕೂತಿದ್ದೆ.

ಆ ವರ್ಷದ ಕೂಟ ಬಂಟ್ವಾಳದಲ್ಲಿ. ನಾನು ಅವಳಿಗೆ ಕಾಗದ ಬರೆದೆ, ಒಂದೇ ಸಾಲು, ಅಜ್ಜನನ್ನು ಕರೆದುಕೊಂಡು ಬಾ ಎಂದು. ಬರುತ್ತಾಳೆಂಬ ಭರವಸೆ ಇರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಿಲ್ಲುಗಾರರು ಗೆರೆಗೆ ಬಂದರು, ಹಗ್ಗದ ಹಿಂದೆ ಜನ ತುಂಬಿದ್ದರು, ಮುಂದಿನ ಸಾಲಿನ ಕುರ್ಚಿಯಲ್ಲಿ ಅಜ್ಜ ಕೋಲೂರಿ ಕೂತಿದ್ದರು, ಪಕ್ಕದಲ್ಲಿ ಅವಳು. ಸೀಟಿ ಊದುವ ಬದಲು ಕಾರ್ಯದರ್ಶಿಗಳ ಮೇಜಿನ ಹತ್ತಿರ ಹೋಗಿ ಮೈಕು ಕೇಳಿದೆ.

"ಎಂತ ಟೀಚರೆ, ಭಾಷಣವಾ?" ಎಂದರು.

"ಅಲ್ಲ. ಒಂದು ಫಲಿತಾಂಶ ಹೇಳ್ಲಿಕ್ಕೆ ಬಾಕಿ ಉಂಟು."

ಮೈಕಿನಲ್ಲಿ ಆ ಪರೀಕ್ಷೆಯ ವರ್ಷದ ಕಥೆಯನ್ನು ಹೇಳಿದೆ. ಅಂದು ಗೆದ್ದವಳ ಗೆಲುವನ್ನು ನಾನು ಕಸಿಯುತ್ತಿಲ್ಲ, ನಿಯಮದಂತೆ ಅವಳೇ ಗೆದ್ದದ್ದು ಎಂದೆ. ಆದರೆ ನಮ್ಮ ಹುಡುಗಿಯ ಕೊನೆಯ ಬಾಣ ಹತ್ತಕ್ಕೇ ಬಿದ್ದಿತ್ತು, ನಾನು ಕಂಡಿದ್ದೆ ಎಂದೆ. ಎರಡು ಸರದಿ ಗುರುತು ಹಾಕದೆ ಬಿಟ್ಟವಳು ನಾನು, ಅಜ್ಜನ ಮುಡಿಯ ಮೇಲೆ ಎಲ್ಲರ ಎದುರು ತಪ್ಪು ಹೊರಿಸಿ ನನ್ನದನ್ನು ಕಿಸೆಯಲ್ಲಿ ಇಟ್ಟುಕೊಂಡವಳೂ ನಾನೇ ಎಂದೆ. ಆಮೇಲೆ ಅವಳ ಹೆಸರನ್ನು, ಊರಿನ ಹೆಸರು ಸೇರಿಸಿ, ನಿಧಾನವಾಗಿ ಹೇಳಿದೆ. ಮೈದಾನದ ನಾಲ್ಕೂ ಮೂಲೆಯ ಧ್ವನಿವರ್ಧಕಗಳಿಂದ ಅದು ಹೊರಗೆ ಹೆದ್ದಾರಿಯವರೆಗೆ ಹೋಯಿತು.

ಅಜ್ಜನಿಗೆ ಕಿವಿ ಮಂದ, ಅವರು ಮೊಮ್ಮಗಳ ಕಡೆ ಬಾಗಿ ಏನೆಂದು ಕೇಳಿದರು. ಅವಳು ಅವರ ಕಿವಿಯ ಹತ್ತಿರ ಬಾಯಿಟ್ಟು ತುಳುವಿನಲ್ಲಿ ಬಹಳ ಹೊತ್ತು ಹೇಳಿದಳು, ಒಂದನ್ನೂ ಬಿಡದೆ ಹೇಳಿದಳೆಂದು ಕಾಣುತ್ತದೆ. ಆಮೇಲೆ ಕಣ್ಣು ಒರೆಸಿಕೊಂಡು ನನ್ನ ಕಡೆ ನೋಡಿದಳು.

"ಆಯ್ತು ಟೀಚರೆ," ಎಂದಳು. "ಮಕ್ಕಳು ಬಿಸಿಲಲ್ಲಿ ನಿಂತಿದ್ದಾರೆ. ಸುರು ಮಾಡುವ."